ಹೆಬ್ಬೆಟ್ಟು ಒತ್ತಿಸುವ ಮುನ್ನ

ದಾವಣಗೆರೆಯಲ್ಲಿ ಹೌಸ್ ಸರ್ಜನ್‌ಗಳಾಗಿರುವ (ಎಂಬಿಬಿಎಸ್ ಪರೀಕ್ಷೆ ಮುಗಿಸಿ ತರಬೇತಿಯಲ್ಲಿರುವ ಕಿರಿಯ ವೈದ್ಯರು) ನಮ್ಮ ಪಾಲಿಗೆ ಬರುವ ಕೆಲಸಗಳಲ್ಲಿ ಶಸ್ತ್ರಚಿಕಿತ್ಸೆಗೆ ರೋಗಿಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವುದೂ ಒಂದು. ಅದನ್ನು ಕಾಗದದ ಕೆಲಸವೆಂದು ಕಿರಿಯರ ಕೈಗೆ ದಾಟಿಸುವ ರೂಢಿ ನನಗಂತೂ ಒಪ್ಪಿಗೆಯಿಲ್ಲ. ಪಿತ್ತಕೋಶದ ಕಲ್ಲಿಗೆ ದಾಖಲಾಗಿದ್ದ ಅಜ್ಜಿಯೊಬ್ಬರ (ಗುರುತು ಹತ್ತುವ ವಿವರಗಳನ್ನು ಬಿಟ್ಟಿದ್ದೇನೆ) ಮಗ, "ಅವ್ವಂಗೇನು ತಿಳಿತೈತೆ ಸರ್, ನಾನೇ ಹಾಕ್ತೀನಿ ತಗೊಳ್ಳಿ" ಎಂದು ಪೆನ್ನಿಗೆ ಕೈಚಾಚಿದರು. ಅಜ್ಜಿಗೆ ಪೂರ್ಣ ಪ್ರಜ್ಞೆಯಿತ್ತು. ಶಸ್ತ್ರಚಿಕಿತ್ಸೆ ಏಕೆ, ಮಾಡಿಸದಿದ್ದರೆ ಏನಾಗಬಹುದು ಎಂಬುದನ್ನು ಅವರಿಗೇ ವಿವರಿಸಿದಾಗ ಬಂದ ಪ್ರಶ್ನೆ ಒಂದೇ: "ಶೇಂಗಾ ಕಿತ್ತ ಮ್ಯಾಲೆ ಮಾಡಿಸಿದ್ರೆ ನಡೀತೈತಾ?" ನೋವು ತಗ್ಗಿ ತುರ್ತು ಇಲ್ಲದಿದ್ದುದರಿಂದ ಹಿರಿಯ ವೈದ್ಯರು ಒಪ್ಪಿ, ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕೆಂದು ತಿಳಿಹೇಳಿದರು.

ವಯಸ್ಕ ರೋಗಿಯೊಬ್ಬರು ಅರಿವಳಿಕೆಯಲ್ಲಿದ್ದಾಗ ತಾಯಿಯಿಂದ ಪಡೆದ ಒಪ್ಪಿಗೆಯು, ಪ್ರಾಣಾಪಾಯದ ತುರ್ತಿಲ್ಲದ ಕಾರಣ, ಊರ್ಜಿತವಲ್ಲವೆಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ತಪಾಸಣೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಸಲ್ಲದೆಂದೂ ಅದೇ ತೀರ್ಪಿನಲ್ಲಿದೆ. 2019ರಿಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ವೈದ್ಯಕೀಯ ನೀತಿ ಮತ್ತು ಸಂವಹನದ ಪಾಠಗಳೂ ಸೇರಿವೆ. ಆದರೆ ಒಪಿಡಿಯ ಸಾಲು ಬಾಗಿಲಾಚೆಗೂ ಬೆಳೆದಿರುವಾಗ ಅಜ್ಜಿಯ ಪಕ್ಕ ಹತ್ತು ನಿಮಿಷ ಕೂರಲು ಪುರುಸೊತ್ತು ಎಲ್ಲಿಂದ ತರಬೇಕೆಂಬುದನ್ನು ಯಾವ ಪಾಠವೂ ಹೇಳಿಕೊಟ್ಟಿಲ್ಲ.