ದೇವರನ್ನು ನಂಬ್ತೀರೋ ಇಲ್ವೋ?

ಗೋವಾದ ವಾಸ್ಕೋದಲ್ಲಿ ಕನ್ನಡದವರು ನಾಲ್ಕು ಜನ ಸೇರಿದರೆ ಮಾತು ಊರಿನ ಮಳೆ-ಬೆಳೆಯಿಂದ ಶುರುವಾಗಿ, ಊಟ ಮುಗಿಯುವ ಹೊತ್ತಿಗೆ ದೇವರ ಹತ್ತಿರ ಬಂದು ನಿಲ್ಲುತ್ತದೆ. ನಾನು ಮನೆಯವರ ಜೊತೆ ಗುಡಿಗೆ ಹೋಗುತ್ತೇನೆ, ಆದರೆ ಹರಕೆ ಹೊರುವವನಲ್ಲ. ಅದನ್ನು ಕಂಡವರು ಕೇಳಿಯೇ ಕೇಳುತ್ತಾರೆ: “ನೀವು ದೇವರನ್ನ ನಂಬ್ತೀರೋ ಇಲ್ಲೋ? ಒಂದ ಮಾತಿನ್ಯಾಗ ಹೇಳ್ರಿ.”

ಒಂದು ಮಾತಿನಲ್ಲಿ ಆಗಲ್ಲ, ಯಾಕೆಂದರೆ ಅಲ್ಲಿರುವುದು ಎರಡು ಪ್ರಶ್ನೆ. ದೇವರಿದ್ದಾನೋ ಇಲ್ಲವೋ ಗೊತ್ತಾ? ಗೊತ್ತಿಲ್ಲ. ಇದ್ದಾನೆ ಅಂತ ನಂಬಿದ್ದೀರಾ? ಇಲ್ಲ.

ಇಲ್ಲಿ ನಮ್ಮ ಭಾಷೆಯೂ ಸ್ವಲ್ಪ ಆಟ ಆಡಿಸುತ್ತದೆ. “ದೇವರಿದ್ದಾನೆ ಅಂತ ನಾನು ನಂಬಲ್ಲ” ಅಂದರೆ, ಕೇಳುವವರ ಕಿವಿಗೆ “ದೇವರಿಲ್ಲ ಅಂತ ಇವರು ನಂಬಿದ್ದಾರೆ” ಅಂತಲೇ ಬೀಳುತ್ತದೆ. ಎರಡೂ ಒಂದೇ ಅಲ್ಲ. ಎಳನೀರಿನವನು ಕಾಯಿ ತಟ್ಟಿ, “ಇದರಲ್ಲಿ ಎಳೆ ಕೊಬ್ಬರಿ ಇದೆ” ಅನ್ನುತ್ತಾನೆ. ನಾನು ನಂಬುವುದಿಲ್ಲ. ಹಾಗಂತ ಕೊಬ್ಬರಿ ಇಲ್ಲ ಅಂತ ಬಾಜಿ ಕಟ್ಟಿದ ಹಾಗಲ್ಲ. ಕೆತ್ತುವವರೆಗೆ ಸುಮ್ನೆ ನಿಂತಿರುತ್ತೇನೆ, ಅಷ್ಟೇ. ದೇವರ ವಿಷಯದಲ್ಲಿ ಕೆತ್ತಿ ನೋಡುವ ಕತ್ತಿ ಯಾರ ಕೈಯಲ್ಲೂ ಇಲ್ಲ ಅನ್ನುವುದು ಬೇರೆ ಮಾತು.

1869ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿ ‘ಅಗ್ನಾಸ್ಟಿಕ್’ ಅನ್ನುವ ಪದ ಹುಟ್ಟಿಸಿದ. ಜನ ಅದಕ್ಕೆ ಆಸ್ತಿಕನೂ ಅಲ್ಲ, ನಾಸ್ತಿಕನೂ ಅಲ್ಲ ಅನ್ನುವ ಅರ್ಥ ಕೊಟ್ಟುಬಿಟ್ಟಿದ್ದಾರೆ. ನಿಜವಾಗಿ ಅದು ‘ಗೊತ್ತಿಲ್ಲ’ ಅನ್ನುವವನ ಹೆಸರು, ನಂಬಿಕೆಯದಲ್ಲ, ತಿಳಿವಳಿಕೆಯ ಮಾತು. ಖಾತ್ರಿ ಇಲ್ಲದೆಯೂ ನಂಬಬಹುದು. ಗಟ್ಟಿಯಾಗಿ ನಂಬಿಯೂ ಅನುಮಾನ ಇಟ್ಟುಕೊಳ್ಳಬಹುದು.

ನಮ್ಮ ಪಕ್ಕದ ಮನೆಯ ಮಾವಶಿಯನ್ನೇ (ಮಾವಶಿ ಅಂದರೆ ಚಿಕ್ಕಮ್ಮ) ನೋಡಿ. ಗೋವಾದ ಹಲವು ದೇವಸ್ಥಾನಗಳಲ್ಲಿ ‘ಪ್ರಸಾದ’ ಕೇಳುವ ಪದ್ಧತಿ ಇದೆ. ಭಟ್ಟರು ಹೂವಿನ ಎಸಳುಗಳನ್ನು ನೀರಲ್ಲಿ ಅದ್ದಿ ಮೂರ್ತಿಗೆ ಅಂಟಿಸುತ್ತಾರೆ. ಭಕ್ತರ ಪ್ರಶ್ನೆಯನ್ನು ದೇವರ ಮುಂದಿಡುತ್ತಾರೆ. ಸಾಮಾನ್ಯವಾಗಿ ಬಲಗಡೆಯದು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಮಗನನ್ನು ದುಬೈಗೆ ಕಳಿಸಲಾ ಅಂತ ಮಾವಶಿ ಕೇಳಿದರು. ಎಡಕ್ಕೆ ಬಿತ್ತು. ಎರಡು ದಿನ ಸಪ್ಪಗಿದ್ದರು. ಮತ್ತೆ ಹೋಗಿ, “ಬರೀ ಎರಡು ವರ್ಷಕ್ಕೆ ಕಳಿಸಲಾ?” ಅಂದರು. ಬಲಕ್ಕೆ ಬಿತ್ತು. ಹುಡುಗ ಹೋದ.

ಆಗ ನಕ್ಕಿದ್ದೆ. ಈಗ ನಗುವುದಿಲ್ಲ. ದೇವರ ಬಗ್ಗೆ ಆಕೆಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಅನುಮಾನ ಇದ್ದದ್ದು ತಾನು ಕೇಳಿದ ರೀತಿಯ ಮೇಲೆ. ಆದರೆ ಎರಡನೇ ಸಲ ಕೇಳಬೇಕು ಅಂತ ತೀರ್ಮಾನಿಸಿದ್ದು ಯಾರು? ದೇವರೋ, ಮಾವಶಿಯೋ?

ಅವನ ಅಪ್ಪಣೆ ಇಲ್ಲದೆ ಹುಲ್ಲುಕಡ್ಡಿಯೂ ಅಲ್ಲಾಡದು ಅನ್ನುತ್ತೇವಲ್ಲ, ಈ ಗಂಟು ಹಳೆಯದು. ಗೀತೆಯ 18ನೇ ಅಧ್ಯಾಯದ 61ನೇ ಶ್ಲೋಕದಲ್ಲಿ ಈಶ್ವರ ಎಲ್ಲರನ್ನೂ ಯಂತ್ರಕ್ಕೆ ಏರಿಸಿದವರಂತೆ ತಿರುಗಿಸುತ್ತಾನೆ. 63ರಲ್ಲಿ ಕೃಷ್ಣ, ಚೆನ್ನಾಗಿ ಯೋಚಿಸಿ ನಿನಗೆ ಬೇಕಾದಂತೆ ಮಾಡು ಅನ್ನುತ್ತಾನೆ. ನಡುವೆ ಇರುವುದು ಒಂದೇ ಶ್ಲೋಕ! ಆಚಾರ್ಯರೆಲ್ಲ ಇದನ್ನು ತಮ್ಮ ತಮ್ಮ ರೀತಿಯಲ್ಲಿ ಹೊಂದಿಸಿದ್ದಾರೆ. ನನಗೆ ಇನ್ನೂ ಹೊಂದಿಲ್ಲ.

ವಿಜ್ಞಾನವೂ ಗಂಟು ಬಿಡಿಸಿಲ್ಲ. 1983ರಲ್ಲಿ ಅಮೆರಿಕದ ನರವಿಜ್ಞಾನಿ ಬೆಂಜಮಿನ್ ಲಿಬೆಟ್ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದ. ಜನ ತಮಗೆ ಅನಿಸಿದಾಗ ಕೈ ಆಡಿಸಬೇಕು. ಕೈ ಆಡುವುದಕ್ಕೆ ಸುಮಾರು ಅರ್ಧ ಸೆಕೆಂಡ್ ಮೊದಲೇ ಮಿದುಳಲ್ಲಿ ತಯಾರಿ ಶುರು. “ಈಗ ಆಡಿಸೋಣ” ಅಂತ ಅವರಿಗೆ ಅನಿಸಿದ್ದು ಕೈ ಆಡುವುದಕ್ಕೆ ಸುಮಾರು 0.2 ಸೆಕೆಂಡ್ ಮೊದಲು, ಅಂದರೆ ತಯಾರಿ ಶುರುವಾದ ಮೇಲೆ. ಹಾಗಾದರೆ ನಮ್ಮ ಇಚ್ಛೆ ಬರೀ ಭ್ರಮೆ ಅಂತ ಹಲವರು ಕುಣಿದರು. ಅದು ತಯಾರಿಯೇ ಅಲ್ಲದಿರಬಹುದು, ಮಿದುಳಿನ ಮಾಮೂಲಿ ಏರಿಳಿತ ಇರಬಹುದು ಅಂತ 2012ರಲ್ಲಿ ಬೇರೆಯವರು ತೋರಿಸಿದರು.

ಹಾಗಾಗಿ ಇಲ್ಲೂ ಗೊತ್ತಿಲ್ಲ. ಆದರೆ ಇಲ್ಲಿ, ನಮ್ಮ ತೀರ್ಮಾನ ನಮ್ಮದೇ ಅಂತ ನಾನು ನಂಬುತ್ತೇನೆ. ಕಾರಣ ಮಾತ್ರ ತೀರಾ ಸಣ್ಣದು. ಒಂದು ಮಳೆಗಾಲದ ರಾತ್ರಿ ಝುವಾರಿ ಸೇತುವೆ ದಾಟಿ ಮನೆಗೆ ಬರುತ್ತಿದ್ದೆ. ಒಬ್ಬರು ಸ್ಕೂಟರಿನಿಂದ ಜಾರಿ ಬಿದ್ದಿದ್ದರು. ಬೇರೆ ಯಾರಾದರೂ ನಿಲ್ಲುತ್ತಾರೆ ಬಿಡು ಅಂತ ಮುಂದೆ ಬಂದೆ. ಹಣೆಬರಹ, ನರಮಂಡಲ, ಮಳೆ, ಏನು ನೆಪ ಕೊಟ್ಟರೂ “ನಿಲ್ಲಬಹುದಿತ್ತು” ಅನ್ನುವುದು ಹೋಗಲಿಲ್ಲ. ಇದು ಸಾಕ್ಷಿ ಅಲ್ಲ, ನನಗೆ ಗೊತ್ತು. ಮನಸ್ಸಿಗೆ ಅನಿಸಿದ್ದೆಲ್ಲ ನಿಜವಾಗಿದ್ದರೆ ದೇವರನ್ನೂ ನಂಬಬೇಕಾಗುತ್ತದೆ, ಅಲ್ವಾ? ಆ ತೊಡಕು ನನ್ನ ಮೇಲೇ ಇದೆ.

ಇದನ್ನು ಒಮ್ಮೆ ಮಾವಶಿಗೆ ಹೇಳಿದೆ. ದೇವರ ಇಚ್ಛೆ ಅನ್ನುತ್ತಾರೆ ಅಂದುಕೊಂಡಿದ್ದೆ. “ಪ್ರಸಾದ ಕೇಳುವಂಥ ವಿಷಯವಾ ಅದು? ನಿಲ್ಲಬೇಕಿತ್ತು ನೀವು” ಅಂದರು. ನಾನು ಮಾತು ಬದಲಿಸಿ, ಮಗ ಫೋನ್ ಮಾಡಿದ್ದನಾ ಅಂತ ಕೇಳಿದೆ.