ಹಳ್ಳದ ಕಟ್ಟ ಮತ್ತು ನಮ್ಮನೆ ನೀಲಿ ಡ್ರಮ್
ಬರುವ ಭಾನುವಾರ ಹಳ್ಳಕ್ಕೆ ಕಟ್ಟ ಹಾಕುತ್ತೇವೆ. ಶಿರಸಿ ಕಡೆಯವರಿಗೆ ಇದನ್ನು ವಿವರಿಸುವುದೇ ಬೇಡ. ಉಳಿದವರಿಗೆ ಹೇಳುತ್ತೇನೆ: ಮಳೆಗಾಲ ಮುಗಿದು ಹರಿವು ಸಣ್ಣದಾದ ಮೇಲೆ ಎರಡು ಸಾಲು ಕಲ್ಲು ಪೇರಿಸಿ, ನಡುವೆ ಮಣ್ಣು, ಸೊಪ್ಪು ತುಂಬಿ ಗಟ್ಟಿಯಾಗಿ ತುಳಿದು ನೀರು ನಿಲ್ಲಿಸುವುದು. ಮೊದಲ ದೊಡ್ಡ ಮಳೆಗೆ ಅದು ಕೊಚ್ಚಿಕೊಂಡು ಹೋಗುತ್ತದೆ, ಹೋಗಲೂಬೇಕು. ನಡುವೆ ಕೆಲವು ವರ್ಷ ಸಿಮೆಂಟ್ ಚೀಲಕ್ಕೆ ಮಣ್ಣು ತುಂಬಿ ಇಟ್ಟೆವು. ಕೆಲಸ ಬೇಗ ಆಯಿತು ನಿಜ, ಆದರೆ ಹರಿದ ಚೀಲದ ದಾರ ಇವತ್ತಿಗೂ ಹಳ್ಳದುದ್ದಕ್ಕೂ ಮರದ ಬೇರಿಗೆ ಜೋತುಬಿದ್ದಿದೆ.

ಕಟ್ಟ ಹಾಕುವುದು ತೋಟದ ನೀರಿಗೆ ಅಂತ ದೊಡ್ಡವರು ಹೇಳುತ್ತಾರೆ. ಮಕ್ಕಳ ಲೆಕ್ಕದಲ್ಲಿ ಅದು ಕಟ್ಟದ ಹಿಂದೆ ನೀರು ನಿಂತು ಆಗುವ ಈಜುವ ಗುಂಡಿಗೆ. ಎರಡು ಒಣ ತೆಂಗಿನಕಾಯಿ ಸೊಂಟಕ್ಕೆ ಕಟ್ಟಿಕೊಂಡು ನಾನು ಈಜು ಕಲಿತದ್ದು ಇದೇ ಗುಂಡಿಯಲ್ಲಿ. ಮೇಲೆ ಒಂದು ಅಪ್ಪೆಮಿಡಿ ಮರ ನೀರಿನ ಕಡೆಗೇ ಬಾಗಿದೆ, ಈ ಜಾತಿಯ ಮಾವಿಗೆ ಹಳ್ಳ ಹೊಳೆಯ ದಂಡೆಯೇ ಇಷ್ಟ. ಮಿಡಿ ಕೊಯ್ಯುವಾಗ ಕೈತಪ್ಪಿದ್ದು ಸೀದಾ ಗುಂಡಿಗೆ ಬೀಳುತ್ತಿತ್ತು, ಹೆಕ್ಕಲು ನಾವು ಧುಮುಕುತ್ತಿದ್ದೆವು. ತೊಟ್ಟಿನ ಸೊನೆ ತಾಗಿ ತುಟಿಯೆಲ್ಲ ಸುಟ್ಟುಕೊಂಡಿದ್ದೂ ಇದೆ ಬಿಡಿ.

ಈಗ ಡ್ರಮ್ಮಿನ ಕತೆ. ಕೊಳೆ ರೋಗ ಬರಬಾರದು ಅಂತ ಮಳೆ ಹಿಡಿಯುವ ಮುಂಚೆ ಅಡಿಕೆಗೆ ಔಷಧಿ ಹೊಡೆಯುತ್ತೇವಲ್ಲ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ. ಮೂರು ವರ್ಷದ ಹಿಂದೆ ಅದನ್ನು ಕಲಸಿದ ಡ್ರಮ್ಮನ್ನು ನಾನು ಗುಂಡಿಯ ಮೇಲ್ಗಡೆ, ಹಳ್ಳದಲ್ಲೇ ತೊಳೆದೆ. ಎಲ್ಲರೂ ಅಲ್ಲೇ ತೊಳೆಯುತ್ತಿದ್ದರು. ಮಳೆಗಾಲದಲ್ಲಾದರೆ ಎಲ್ಲ ತೇಲಿಕೊಂಡು ಹೋಗಿ ಗೊತ್ತೇ ಆಗುತ್ತಿರಲಿಲ್ಲವೇನೋ, ಆದರೆ ಅದು ಮೇ ಕೊನೆ, ಹಳ್ಳದಲ್ಲಿ ನೀರು ಬೆರಳಿನಷ್ಟು ಹರಿಯುತ್ತಿತ್ತು. ಮರುದಿನ ಬೆಳಿಗ್ಗೆ ತೆಳ್ಳೇವು (ನಮ್ಮ ಕಡೆಯ ತೆಳು ದೋಸೆ) ತಿನ್ನುತ್ತಾ ಕೂತಿದ್ದೆ, ಪಕ್ಕದ ಮನೆ ಅಜ್ಜ ಅಂಗಳದಲ್ಲೇ ನಿಂತು ಕೇಳಿದರು, "ತಮಾ, ಡ್ರಮ್ ಎಲ್ಲಿ ತೊಳದ್ಯ?"

ಹೋಗಿ ನೋಡಿದರೆ ಗುಂಡಿಯ ಅಂಚಿನಲ್ಲಿ ಸಣ್ಣ ಮೀನುಗಳು ಹೊಟ್ಟೆ ಮೇಲೆ ಮಾಡಿ ಬಿದ್ದಿದ್ದವು. ಕಲ್ಲಿನ ಮೇಲೆ ತೆಳು ನೀಲಿ ಗೆರೆ. ಮೈಲುತುತ್ತಿನಲ್ಲಿರುವ ತಾಮ್ರ ಶಿಲೀಂಧ್ರವನ್ನು ಕೊಲ್ಲುತ್ತದೆ ಅಂತಲೇ ನಾವು ಅದನ್ನು ತರುವುದು, ಮೀನಿಗೂ ಅದು ವಿಷ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಅದೂ ಇನ್ನೇನು ಮಳೆ ಬಂದು ಮೀನು ಮೊಟ್ಟೆಯಿಡಲು ಹಳ್ಳ ಹತ್ತುವ ಹೊತ್ತಿಗೆ.

ಅಜ್ಜ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ನಮ್ಮ ಹಳ್ಳ ಸೇರುವುದು ಅಘನಾಶಿನಿ ನದಿಗೆ. ಅದು ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲೂ ಅಣೆಕಟ್ಟು ಇಲ್ಲದೆ ಕುಮಟಾದ ಹತ್ತಿರ ಸಮುದ್ರ ಸೇರುತ್ತದೆ. ಆ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಾಗ ನಾವೂ ವಾಟ್ಸಾಪ್‌ನಲ್ಲಿ ಹೆಮ್ಮೆಯಿಂದ ಸುದ್ದಿ ಹಂಚಿದ್ದೆವು. ಅಲ್ಲಿ ನೀರು ಇಳಿದಾಗ ಹೆಂಗಸರು ಬುಟ್ಟಿ ಹಿಡಿದು ಚಿಪ್ಪಿ ಹೆಕ್ಕುತ್ತಾರೆ, ಗಜನಿಯಲ್ಲಿ, ಅಂದರೆ ಅಳಿವೆ ಬದಿಯ ತಗ್ಗು ಗದ್ದೆಯಲ್ಲಿ, ಉಪ್ಪುನೀರಿಗೆ ಜಗ್ಗದ ಕಗ್ಗ ಭತ್ತ ಬೆಳೆಯುತ್ತಾರೆ. ನಮ್ಮನೆ ಒಂದು ಡ್ರಮ್ಮಿನ ನೀರು ಅಲ್ಲಿವರೆಗೆ ಹೋಗಿ ಏನೋ ಮಾಡಿಬಿಟ್ಟಿತು ಅಂತಲ್ಲ. ಆದರೆ ಡ್ರಮ್ಮು ಇರುವುದು ನಮ್ಮನೆಯಲ್ಲಿ ಮಾತ್ರವಾ?

ಹಾಗಾಗಿ ಹೋದ ಸಲ ಕಟ್ಟದ ದಿನ, ಅವಲಕ್ಕಿ ಮಜ್ಜಿಗೆಗೆ ಕೂತಾಗ ನಾನೇ ಮಾತು ತೆಗೆದೆ. ಪೈಪಿನಲ್ಲಿ ನೀರು ತೋಟಕ್ಕೆ ಒಯ್ದು ಅಲ್ಲೇ ಕಲಸೋಣ, ಡ್ರಮ್ ತೊಳೆದ ನೀರನ್ನೂ ಅಲ್ಲೇ ಮರಕ್ಕೆ ಹೊಡೆಯೋಣ ಅಂದೆ. ಒಬ್ಬರು "ಸುಮ್ನೆ ಜಾಸ್ತಿ ಕೆಲಸ" ಅಂದರು. ಅವರ ಮೊಮ್ಮಗಳು ಆಗ ಗುಂಡಿಯಲ್ಲಿ ಮೂಗಿನವರೆಗೆ ಮುಳುಗಿ ಆಡುತ್ತಿದ್ದಳು. ಅವಳನ್ನು ನೋಡಿ ಸುಮ್ಮನಾದರು. ಈ ಮೇ ತಿಂಗಳಲ್ಲಿ ಹಳ್ಳದಲ್ಲಿ ಯಾರೂ ಡ್ರಮ್ ತೊಳೆಯಲಿಲ್ಲ, ಅವರೂ ಸಹ.

ಈ ಸಲ ಸಿಮೆಂಟ್ ಚೀಲ ಬೇಡ ಅಂತ ತೀರ್ಮಾನ ಆಗಿದೆ, ಕಲ್ಲು ಸೊಪ್ಪಿನದೇ ಕಟ್ಟ. ಜನ ಜಾಸ್ತಿ ಬೇಕು. ಬರುವವರು ದಯವಿಟ್ಟು ಹಾರೆ ತನ್ನಿ, ನಮ್ಮನೆಯಲ್ಲಿ ಇರುವುದು ಎರಡೇ, ಅದರಲ್ಲಿ ಒಂದರ ಹಿಡಿ ಅಲ್ಲಾಡುತ್ತದೆ.