ಗಟ್ಟಿಮುಟ್ಟಾದ ಸೈನಿಕನಿಗೆ ವೈದ್ಯಕೀಯ ಸಂಶೋಧನೆ ಯಾಕೆ?

ನಾನು ಸೈನ್ಯದ ಆಸ್ಪತ್ರೆಗಳಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನು. ನಿವೃತ್ತಿ ಆದಮೇಲೆ ಪುಣೆಯ ವಾನವಡಿಯಲ್ಲೇ ಉಳಿದೆ. ಇಲ್ಲಿಯ ಕನ್ನಡದವರು ಸಿಕ್ಕರೂ, ಬೆಳಗಾವಿ ಕಡೆಯ ನೆಂಟರು ಬಂದರೂ ಒಂದು ಪ್ರಶ್ನೆ ತಪ್ಪೋದಿಲ್ಲ: "ಆರಿಸಿ ಆರಿಸಿ ಗಟ್ಟಿ ಹುಡುಗರನ್ನೇ ತಗೋತಾರಲ್ರೀ, ಮತ್ತೆ ಅವರಿಗಂತ ಬೇರೆ ಸಂಶೋಧನೆ ಯಾಕೆ? ಹೊರಗಿನ ಔಷಧಿ ಸಾಲೋದಿಲ್ವಾ?"

ಸಾಲುವುದಿಲ್ಲ. ಊರಿನ ಡಾಕ್ಟರ ಹತ್ತಿರ ಕಾಯಿಲೆ ಬಂದವರು ಹೋಗುತ್ತಾರೆ. ಸೈನ್ಯದಲ್ಲಿ ಕಾಯಿಲೆಯೇ ಇಲ್ಲದವನನ್ನು ಮೈಗೆ ಒಗ್ಗದ ಜಾಗಕ್ಕೆ ಕಳಿಸುತ್ತಾರೆ. ಅಲ್ಲಿ ಅವನ ಮೈಗೆ ಏನಾಗುತ್ತದೆ ಅನ್ನೋದು ಮೊದಲೇ ಗೊತ್ತಿರಬೇಕು.

1962ರ ಯುದ್ಧದ ಹೊತ್ತಿಗೆ ಬಯಲಿನಲ್ಲಿದ್ದ ಸೈನಿಕರನ್ನು ಅವಸರದಲ್ಲಿ ಹಿಮಾಲಯಕ್ಕೆ ಏರಿಸಬೇಕಾಯಿತು. ಗುಂಡು ತಾಗದೆಯೇ ಎಷ್ಟೋ ಮಂದಿ ಹಾಸಿಗೆ ಹಿಡಿದರು. ಸೈನ್ಯದ ವೈದ್ಯ ಇಂದರ್ ಸಿಂಗ್ ಮತ್ತು ಜೊತೆಗಾರರು ಎತ್ತರದಲ್ಲಿ ಹೀಗೆ ಕಾಯಿಲೆ ಬಿದ್ದ 1,925 ಮಂದಿಯನ್ನು ಪರೀಕ್ಷಿಸಿ, 1969ರಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದರು. ಅಷ್ಟು ಜನ ರೋಗಿಗಳು ಬೇರೆ ಯಾವ ವೈದ್ಯರ ಕಣ್ಣಿಗೆ ಬಿದ್ದಾರು ಹೇಳಿ?

ಅಲ್ಲಿ ಬರುವ ಕಾಯಿಲೆಗಳಲ್ಲಿ ಜೀವಕ್ಕೇ ಅಪಾಯದ್ದು ಒಂದು ಹೀಗೆ ಆಗುತ್ತದೆ. ಆಮ್ಲಜನಕ ಕಡಿಮೆಯಾದಾಗ ಶ್ವಾಸಕೋಶದ ರಕ್ತನಾಳಗಳು ಬಿಗಿಯುತ್ತವೆ. ಒತ್ತಡ ಏರಿ, ಗಾಳಿಗೂಡುಗಳೊಳಕ್ಕೆ ನೀರು ಜಿನುಗುತ್ತದೆ. ಎದೆ ಅಗಲ ಇದ್ದರೆ, ತೋಳು ಗಟ್ಟಿ ಇದ್ದರೆ ಇದು ತಪ್ಪುತ್ತದೆ ಅಂತೇನಿಲ್ಲ. ಹುರುಪಿನಲ್ಲಿ ಮೊದಲ ದಿನವೇ ಓಡಾಡಿದವನಿಗೆ ಅಪಾಯ ಜಾಸ್ತಿ. ಅದಕ್ಕೇ ಈಗ 9,000ದಿಂದ 12,000 ಅಡಿ ಎತ್ತರದಲ್ಲಿ ಆರು ದಿನ ನಿಲ್ಲಿಸುತ್ತಾರೆ. ಮೊದಲೆರಡು ದಿನ ಪೂರ್ತಿ ವಿಶ್ರಾಂತಿ, ಆಮೇಲೆ ನಿಧಾನ ನಡಿಗೆ, ಕೊನೆಗೆ ಸಣ್ಣ ಏರು. 15,000 ಅಡಿವರೆಗೆ ಇನ್ನೂ ನಾಲ್ಕು ದಿನ, ಅದರ ಮೇಲೆ ಮತ್ತೆ ನಾಲ್ಕು. ದೀರ್ಘ ರಜೆ ಮುಗಿಸಿ ಬಂದವನೂ ಮತ್ತೆ ಮೈ ಒಗ್ಗಿಸಿಕೊಳ್ಳಬೇಕು. ಯಾವ ಮಾತ್ರೆಗಿಂತಲೂ ಹೆಚ್ಚು ಜೀವ ಉಳಿಸಿದ್ದು ಈ ವೇಳಾಪಟ್ಟಿ ಅಂತ ನಾನು ನಂಬುತ್ತೇನೆ.

ಇನ್ನೊಂದು ಕೆಲಸ ನಮ್ಮ ವಾನವಡಿಯಲ್ಲೇ ನಡೆಯುತ್ತದೆ. 1944ರಲ್ಲಿ, ಎರಡನೇ ಮಹಾಯುದ್ಧದ ನಡುವೆ ಶುರುವಾದ ಆರ್ಟಿಫಿಷಿಯಲ್ ಲಿಂಬ್ ಸೆಂಟರ್ ಇಲ್ಲಿದೆ. ನೆಲಬಾಂಬಿಗೆ ಕಾಲು ಕಳೆದುಕೊಂಡ ಹುಡುಗ ಇಲ್ಲಿ ಮತ್ತೆ ನಡೆಯಲು ಕಲಿಯುತ್ತಾನೆ. ಜನ ಕೃತಕ ಪಾದವನ್ನು ನೋಡಿ ಬೆರಗಾಗುತ್ತಾರೆ, ಆದರೆ ಕಷ್ಟ ಇರುವುದು ಮೋಟುಗಾಲು ಕೂರುವ ಸಾಕೆಟ್‌ನಲ್ಲಿ. ಮೋಟುಗಾಲಿನ ಅಳತೆ ದಿನದುದ್ದಕ್ಕೂ ಬದಲಾಗುತ್ತದೆ. ಬೆಳಗ್ಗೆ ಸರಿಯಾಗಿ ಕೂತದ್ದು ಸಂಜೆಗೆ ಸಡಿಲ. ಆಗ ಒಳಗೆ ಇನ್ನೊಂದು ಕಾಲುಚೀಲ ಹಾಕಿಕೊಳ್ಳುತ್ತಾರೆ. ಹಾಗೇ ಬಿಟ್ಟರೆ ಚರ್ಮ ಉಜ್ಜಿ ಹುಣ್ಣಾಗುತ್ತದೆ. ಹುಣ್ಣಾದರೆ ಎಷ್ಟು ಒಳ್ಳೆಯ ಕಾಲಿದ್ದರೂ ಮೂಲೆ ಸೇರುತ್ತದೆ.

ನಮ್ಮ ಕರ್ನಾಟಕದ ಪಾಲೂ ಕಡಿಮೆಯಿಲ್ಲ. ಎತ್ತರದಲ್ಲಿ ಹಸಿವೇ ಆಗೋದಿಲ್ಲ. ಅಂಥ ಕಡೆಗಳಿಗೂ ಕೆಡದ ಊಟ ತಯಾರಿಸುವ ಕೆಲಸ 1961ರಿಂದ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದ್ದು. ರಕ್ಷಣಾ ಇಲಾಖೆಯ ವೈದ್ಯಕೀಯ ಉಪಕರಣಗಳ ಪ್ರಯೋಗಾಲಯವಾದ ಬೆಂಗಳೂರಿನ ಡೆಬೆಲ್, ಎತ್ತರದ ಸೈನಿಕರಿಗಾಗಿ, ರಕ್ತದ ಆಮ್ಲಜನಕದ ಮಟ್ಟ ನೋಡಿ ಬೇಕಾದಷ್ಟೇ ಆಮ್ಲಜನಕ ಬಿಡುವ ಯಂತ್ರ ಮಾಡಿತ್ತು. 2021ರ ಕೋವಿಡ್ ಅಲೆಯಲ್ಲಿ ಸರ್ಕಾರ 1,50,000 ಅಂಥ ಯಂತ್ರಗಳನ್ನು ಕೊಳ್ಳಲು ಒಪ್ಪಿಗೆ ಕೊಟ್ಟಿತು. ಆಕ್ಸಿಕೇರ್ ಅಂತ ಅದರ ಹೆಸರು. ಸೈನಿಕನಿಗಾಗಿ ಕಲಿತದ್ದು ಎಲ್ಲರಿಗೂ ಬಂತು, ಅಲ್ವಾ?

ಮಕ್ಕಳನ್ನು ಸೈನ್ಯಕ್ಕೆ ಕಳಿಸಿದವರಿಗೆ ಒಂದು ಮಾತು. ಮಗ ಲೇಹ್‌ನಿಂದ ಫೋನ್ ಮಾಡಿ "ಎರಡು ದಿನದಿಂದ ಸುಮ್ನೆ ಮಲಗಿದ್ದೀನಿ" ಅಂದರೆ ಸೋಮಾರಿ ಅನ್ನಬೇಡಿ. ಅದೇ ಅವನಿಗೆ ಕೊಟ್ಟ ಕೆಲಸ. ತಲೆನೋವು, ಕೆಮ್ಮು, ಉಬ್ಬಸ ಇದೆಯಾ ಅಂತ ಕೇಳಿ. ಇದ್ದರೆ ಮುಚ್ಚಿಡದೆ ಆಗಲೇ ಡಾಕ್ಟರಿಗೆ ಹೇಳು ಅನ್ನಿ. ಗೆಳೆಯರ ಎದುರು ಹೇಳಲು ನಾಚಿಕೊಳ್ಳುವ ಹುಡುಗರು ಬಹಳ. ತಾಯಿ ಹೇಳಿದರೆ ಕೇಳ್ತಾರೆ.